ಕೈಗೆ ದಕ್ಕಿದ ಯುಗಾದಿ

ವಸಂತವೆಂದೊಡನೆ ನಮ್ಮ ಕಾವ್ಯಪರಂಪರೆ ಮೊದಲು ಎತ್ತಿಕೊಳ್ಳುವುದು ಬಣ್ಣವನ್ನು: ಮಾವಿನ ಕೆಂದಳಿರು, ಮುತ್ತುಗದ ಹೂವಿನ ಉರಿಗೆಂಪು, ಹೊಂಗೆಯ ಎಳೆಹಸುರು. ಇವೆಲ್ಲವೂ ಕಣ್ಣಿದ್ದವರ ಸೊತ್ತು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಯುಗಾದಿಯ ದಿನ ಒಂದು ಒಕ್ಕಲುಮನೆಯೊಳಗೆ ಬೆಳಗಿನಿಂದ ಬೈಗಿನವರೆಗೆ ನಡೆಯುವ ಕಾರ್ಯಗಳನ್ನು ಒಂದೊಂದಾಗಿ ಗಮನಿಸುತ್ತ ಹೋದರೆ, ಈ ಹಬ್ಬವನ್ನು ರೂಪಿಸಿದ ಹಿರಿಯರು ಕಣ್ಣಿಗೆ ಕೊಟ್ಟ ಪಾಲು ಎಷ್ಟು ಅಲ್ಪವೆಂಬುದು ಆಶ್ಚರ್ಯವನ್ನುಂಟುಮಾಡುತ್ತದೆ. ಎಣ್ಣೆನೀರು ಮೈಗೆ, ಬೇವುಬೆಲ್ಲ ನಾಲಗೆಗೆ, ಪಂಚಾಂಗ ಕಿವಿಗೆ, ಹೆಂಚಿನ ಮೇಲಿನ ಒಬ್ಬಟ್ಟಿನ ಪರಿಮಳ ಮೂಗಿಗೆ, ವರ್ಷದ ಮೊದಲ ಉಳುಮೆಯಾದ ಹೊನ್ನಾರಿನಲ್ಲಿ ನೇಗಿಲ ಮೇಳಿ ಅಂಗೈಗೆ. ಕಣ್ಣಿಗೆಂದೇ ಮೀಸಲಾದುದು ಮರುಸಂಜೆಯ ಚಂದ್ರದರ್ಶನವೊಂದೇ. ಹೀಗಿದ್ದೂ ನಮ್ಮ ಎಷ್ಟೋ ಮನೆಗಳಲ್ಲಿ ಕಣ್ಣಿಲ್ಲದ ಮಗು ಆ ದಿನ ಹೊಸ ಅಂಗಿ ತೊಟ್ಟು ಜಗಲಿಯ ಮೂಲೆಯಲ್ಲಿ ಕುಳಿತು, ಯಾರೋ ತಂದು ತಟ್ಟೆಗಿಟ್ಟ ಒಬ್ಬಟ್ಟನ್ನು ತಿಂದು ಮುಗಿಸುವುದಕ್ಕೇ ಹಬ್ಬವೆಂಬ ಹೆಸರೆಂದು ತಿಳಿದು ಬೆಳೆಯುತ್ತದೆಯಾದರೆ, ಅದರ ಕಾರಣವನ್ನು ಆ ಮಗುವಿನ ಕಣ್ಣಿನಲ್ಲಿ ಹುಡುಕುವುದು ನ್ಯಾಯವಾಗಲಾರದು.

ಪಂಚಾಂಗಶ್ರವಣವನ್ನೇ ಮೊದಲು ನೋಡೋಣ. ಊರಿನ ಆಂಜನೇಯನ ಗುಡಿಯ ಮುಂದೆಯೋ ಅರಳಿಕಟ್ಟೆಯ ಮೇಲೆಯೋ ಪುರೋಹಿತರು ಹೊಸ ಸಂವತ್ಸರದ ಹೆಸರನ್ನು ಹೇಳಿ, ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನು ವಿವರಿಸಿ, ರಾಶಿರಾಶಿಗೆ ಆಯವೆಷ್ಟು ವ್ಯಯವೆಷ್ಟು ಎಂದು ಓದುತ್ತ ಹೋಗುವಾಗ, ಅದನ್ನು ಕೇಳುತ್ತಿದ್ದವರಲ್ಲಿ ಬಹುಮಂದಿ ಆ ಪುಸ್ತಕವನ್ನು ಕೈಗೆ ಕೊಟ್ಟರೂ ಓದಲಾರದವರಾಗಿದ್ದರು. 1901ರ ಜನಗಣತಿಯ ಕಾಲಕ್ಕೆ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಐವರು ಮಾತ್ರ. ಅಕ್ಷರದ ಮಟ್ಟಿಗೆ ಕಣ್ಣಿದ್ದ ರೈತನೂ ಕಣ್ಣಿಲ್ಲದ ಅವನ ಮಗನೂ ಒಂದೇ ಕಟ್ಟೆಯ ಮೇಲೆ, ಒಂದೇ ಅಂತರದಲ್ಲಿ ಕುಳಿತಿದ್ದರು. ಇಬ್ಬರಿಗೂ ವರ್ಷಫಲ ಕಿವಿಯ ಮೂಲಕವೇ ಬರುತ್ತಿತ್ತು. ಅನಂತರ ಗೋಡೆಗೆ ಕ್ಯಾಲೆಂಡರು ಬಂತು, ಮನೆಮನೆಗೆ ಮುದ್ರಿತ ಪಂಚಾಂಗ ಬಂತು, ಪ್ರತಿಯೊಬ್ಬನೂ ತನ್ನ ರಾಶಿಯ ಫಲವನ್ನು ತಾನೇ ಮನದೊಳಗೆ ಓದಿಕೊಳ್ಳತೊಡಗಿದ. ಆ ಮೌನ ವಾಚನದೊಡನೆ ಕಣ್ಣಿಲ್ಲದವನು ಕಟ್ಟೆಯಿಂದ ಕೆಳಗಿಳಿಯಬೇಕಾಯಿತು. ಸಾಕ್ಷರತೆ ಹೆಚ್ಚಿದುದು ಮಹದುಪಕಾರವೇ ಸರಿ. ಆದರೂ ಒಂದು ಸಮಾಜವು ಕೇಳುವುದನ್ನು ಬಿಟ್ಟು ನೋಡುವುದಕ್ಕೆ ತೊಡಗಿದಾಗ ಯಾರು ಹಿಂದುಳಿದರೆಂಬ ಲೆಕ್ಕವನ್ನು ನಾವು ಸಾಮಾನ್ಯವಾಗಿ ಇಡುವುದಿಲ್ಲ.

ಆ 1901ನೆಯ ಇಸವಿಯಲ್ಲಿಯೇ ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಕಿವುಡರಿಗೂ ಅಂಧರಿಗೂ ಒಂದು ಪಾಠಶಾಲೆಯನ್ನು ತೆರೆದರು. ಭಾರತದ ಮೊದಲ ಅಂಧಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಗಿ ಹದಿನಾಲ್ಕು ವರ್ಷಗಳಷ್ಟೇ ಸಂದಿದ್ದ ಕಾಲ ಅದು. ಪ್ಯಾರಿಸಿನ ಅಂಧಶಾಲೆಯ ವಿದ್ಯಾರ್ಥಿಯಾಗಿದ್ದ ಲೂಯಿ ಬ್ರೈಲ್ ಎಂಬ ಬಾಲಕ ತನ್ನ ಹದಿನೈದನೆಯ ವಯಸ್ಸಿನಲ್ಲಿ ರೂಪಿಸಿ 1829ರಲ್ಲಿ ಪ್ರಕಟಿಸಿದ ಆರು ಚುಕ್ಕಿಗಳ ಲಿಪಿ ಭಾರತೀಯ ಭಾಷೆಗಳಿಗೆ ಹೊಂದಿಕೊಳ್ಳುವಾಗ ಪ್ರಾಂತಕ್ಕೊಂದು ಬಗೆಯಾಗಿ ಹರಿದು ಹಂಚಿಹೋಗಿತ್ತು; 1951ರಲ್ಲಿ ಭಾರತೀ ಬ್ರೈಲ್ ಎಂಬ ಏಕರೂಪದ ಲಿಪಿ ಅಂಗೀಕೃತವಾದ ಮೇಲೆ ಆ ಗೊಂದಲ ನಿಂತಿತು. ಇದರಲ್ಲಿ ಕನ್ನಡವನ್ನು ಬರೆಯುವ ಕ್ರಮ ನಮ್ಮ ಅಚ್ಚಿನ ಕ್ರಮಕ್ಕಿಂತ ಒಂದು ರೀತಿಯಲ್ಲಿ ಸರಳ. ಗುಣಿತವು ಅಕ್ಷರದ ತಲೆಯ ಮೇಲೆ ಏರುವುದಿಲ್ಲ, ಒತ್ತು ಕಾಲಿನ ಕೆಳಗೆ ಇಳಿಯುವುದಿಲ್ಲ. ವ್ಯಂಜನವಾದ ಮೇಲೆ ಸ್ವರ, ಸ್ವರವಾದ ಮೇಲೆ ವ್ಯಂಜನ, ಹೀಗೆ ಎಲ್ಲವೂ ಒಂದೇ ಸಾಲಿನಲ್ಲಿ ನಡೆಯುತ್ತವೆ. ‘ಯುಗಾದಿ’ ಎಂದು ಬರೆಯಲು ಆರು ಮನೆಗಳು ಬೇಕು: ಯ, ಉ, ಗ, ಆ, ದ, ಇ. ‘ಬೇವು’ ನಾಲ್ಕು ಮನೆಗಳಲ್ಲಿ ಮುಗಿಯುತ್ತದೆ. ‘ಬೆಲ್ಲ’ಕ್ಕೆ ಐದು, ಏಕೆಂದರೆ ಒತ್ತಕ್ಷರದ ಮುಂದೆ ಸ್ವರವಿಲ್ಲವೆಂದು ಸೂಚಿಸುವ ಚುಕ್ಕಿಯೊಂದಕ್ಕೆ ಬೇರೆ ಮನೆ ಬೇಕಾಗುತ್ತದೆ. ಸ್ಲೇಟು ಮತ್ತು ಮೊಳೆಯಂಥ ಸ್ಟೈಲಸ್ಸಿನಿಂದ ಬರೆಯುವ ಮಗು ಕಾಗದದ ಹಿಂಬದಿಯಲ್ಲಿ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಿಕೊಳ್ಳುತ್ತದೆ; ಅಂದರೆ ಪ್ರತಿಯೊಂದು ಅಕ್ಷರದ ಪ್ರತಿಬಿಂಬವನ್ನೂ ಅದು ಮನಸ್ಸಿನಲ್ಲಿ ಧರಿಸಿರಬೇಕು. ಯುಗಾದಿಯ ಶುಭಾಶಯವನ್ನು ಹೀಗೆ ಬರೆದು ಮನೆಗೆ ಕಳುಹಿಸುವ ಹುಡುಗಿಯ ತಾಯ್ತಂದೆಗಳಿಗೆ ಆ ಕಾಗದವನ್ನು ಓದಲು ಬಾರದು. ಪಂಚಾಂಗದ ಹಳೆಯ ಸ್ಥಿತಿ ಅಲ್ಲಿಗೆ ತಿರುಗುಮುರುಗಾಯಿತು.

ನಮ್ಮ ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಮೈಸೂರುಗಳ ನಡುವಣ ಹೆದ್ದಾರಿಯ ಆಚೀಚೆ ಹರಡಿರುವುದರಿಂದ, ಇಲ್ಲಿಯ ದೃಷ್ಟಿಹೀನ ಮಕ್ಕಳ ಓದಿನ ದಾರಿ ಪ್ರಾಯಶಃ ಆ ಎರಡು ನಗರಗಳತ್ತ ಸಾಗುತ್ತದೆ. ಒಂದು ಕಡೆ ಮೈಸೂರಿನ ಆ ಹಳೆಯ ಶಾಲೆ. ಇನ್ನೊಂದು ಕಡೆ ಬೆಂಗಳೂರಿನ ಜಯಪ್ರಕಾಶ ನಗರದಲ್ಲಿ 1969ರಲ್ಲಿ ಸ್ಥಾಪಿತವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ. ಮತ್ತೂ ದೂರದಲ್ಲಿ, ಯಲಹಂಕದಲ್ಲಿ ಮಾತೃ ಅಂಧಶಾಲೆ. ಬ್ರೈಲ್ ಚುಕ್ಕಿಯನ್ನು ಒತ್ತಿದೊಡನೆ ಆ ಅಕ್ಷರವನ್ನು ಉಚ್ಚರಿಸಿ ತಪ್ಪನ್ನು ತಿದ್ದುವ ಸಾಧನವೊಂದನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪರೀಕ್ಷಿಸಿ ನೋಡಿದುದು ಈ ಮಾತೃ ಶಾಲೆಯ ಮಕ್ಕಳ ಕೈಯಲ್ಲಿ. ಸಂಗೀತದ ಒಲವಿದ್ದವರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವುಂಟು. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಟ್ಟಿ ಬೆಳೆಸಿದ ಆ ಆಶ್ರಮದ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ಊರು ಬಿಡಲಾರದ ಮಕ್ಕಳು ಊರ ಶಾಲೆಯಲ್ಲಿಯೇ ಉಳಿದು, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಬರುವ ವಿಶೇಷ ಶಿಕ್ಷಕರ ನೆರವಿನಿಂದ ಕಲಿಯುವ ವ್ಯವಸ್ಥೆಯೂ ಇದೆ. ಆ ಶಿಕ್ಷಕರು ತಿರುಗಬೇಕಾದ ಹಳ್ಳಿಗಳ ವಿಸ್ತಾರವನ್ನು ಮಾತ್ರ ನೆನೆಯಬೇಕು. ಕಾವೇರಿಯ ಸಂಗಮದವರೆಗೆ ಚಾಚಿದ ಕನಕಪುರದಂತಹ ತಾಲ್ಲೂಕಿನಲ್ಲಿ ಬಸ್ಸಿಗೆ ಕಾಯುವುದರಲ್ಲಿಯೇ ಅರ್ಧ ದಿನ ಸವೆಯುತ್ತದೆ.

ಓದಿನ ಮಾತು ಹಾಗಿರಲಿ; ಮುಟ್ಟಿ ತಿಳಿಯುವುದನ್ನು ಹಳಿಯಲು ಅಂಧಗಜನ್ಯಾಯವೆಂಬ ಮಾತನ್ನು ನಮ್ಮ ಪಂಡಿತರು ಯಥೇಚ್ಛವಾಗಿ ಬಳಸುವುದುಂಟು. ಒಬ್ಬ ಅಂಧ ಆನೆಯ ಕಾಲನ್ನು ಮುಟ್ಟಿ ಕಂಬವೆಂದ, ಇನ್ನೊಬ್ಬ ಕಿವಿಯನ್ನು ಮುಟ್ಟಿ ಮೊರವೆಂದ. ಅಪೂರ್ಣ ಜ್ಞಾನದ ವಿವಾದಕ್ಕೆ ಇದು ದೃಷ್ಟಾಂತ. ಈ ಕಥೆಯನ್ನು ಬೌದ್ಧರ ‘ಉದಾನ’ವೆಂಬ ಗ್ರಂಥದಲ್ಲಿ ಓದಿದರೆ ಪ್ರಾಸಂಗಿಕವಾಗಿ ಒಂದು ವಿಷಯ ಹೊಳೆಯುತ್ತದೆ: ಶ್ರಾವಸ್ತಿಯ ಅರಸನ ಆಜ್ಞೆಯಂತೆ ಆ ಜಾತ್ಯಂಧರಲ್ಲಿ ಕೆಲವರಿಗೆ ತಲೆಯನ್ನು ಮಾತ್ರ, ಕೆಲವರಿಗೆ ಕಿವಿಯನ್ನು ಮಾತ್ರ, ಕೆಲವರಿಗೆ ದಂತವನ್ನು ಮಾತ್ರ ಮುಟ್ಟಿಸಿ, ಆನೆಯೆಂದರೆ ಇದೇ ಎಂದು ಹೇಳಲಾಯಿತು. ಸುತ್ತು ಬಂದು ಇಡಿಯ ಆನೆಯನ್ನು ತಡವಿ ನೋಡಲು ಯಾರೂ ಅವರಿಗೆ ಅವಕಾಶ ಕೊಡಲಿಲ್ಲ. ಹೀಗೆ ತೋರಿಸಿದವನು ಮಾಡಿದ ತಪ್ಪನ್ನು ಮುಟ್ಟಿದವರ ತಲೆಗೆ ಕಟ್ಟಿ ನಾವು ಇಷ್ಟು ಶತಮಾನ ನಕ್ಕೆವು. ಚನ್ನಪಟ್ಟಣದ ಗೊಂಬೆಯಂಗಡಿಯಲ್ಲಿ ಸಿಗುವ ಅಂಗೈಯಗಲದ ಆನೆಯೊಂದನ್ನು ಅಂಧ ಮಗುವಿನ ಎರಡು ಕೈಗಳಿಗೆ ಕೊಟ್ಟರೆ ಸೊಂಡಿಲೂ ಬಾಲವೂ ನಾಲ್ಕು ಕಾಲೂ ಏಕಕಾಲಕ್ಕೆ ಅದರ ವಶವಾಗುತ್ತವೆ. ಹಾಲೆಮರದ ತುಂಡನ್ನು ತಿರುಗಣಿಗೆ ಕೊಟ್ಟು ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದ ಕರಗಿದ ಬಣ್ಣವನ್ನು ಗರಿಯಿಂದ ಉಜ್ಜಿ ನುಣುಪುಗೊಳಿಸುವ ಆ ಕುಶಲಿಗಳು ತಮ್ಮ ಕೆಲಸವನ್ನು ಬೆರಳಿನಿಂದಲೇ ಪರೀಕ್ಷಿಸುತ್ತಾರೆ. ಬಣ್ಣಕ್ಕಾಗಿ ಪ್ರಸಿದ್ಧವಾದ ಆ ಗೊಂಬೆಗಳ ನಿಜವಾದ ಗುಣ ಅವುಗಳ ನುಣುಪಿನಲ್ಲಿದೆಯೆಂಬುದು ನನ್ನ ಅಭಿಪ್ರಾಯ.

ಹಬ್ಬವೂ ಒಂದು ಆನೆಯೇ. ಅದರ ಬಾಲವನ್ನಷ್ಟೇ ಹಿಡಿಸಿ ಕಳುಹಿಸುವ ಮನೆಗಳಿಗಿಂತ ವಸತಿಶಾಲೆಗಳು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಇರುವುದಕ್ಕೆ ಕಾರಣ ಸರಳವಾದುದು: ಅಲ್ಲಿ ಕಣ್ಣಿಲ್ಲದ ಮಕ್ಕಳೇ ಬಹುಸಂಖ್ಯಾತರು, ಕೆಲಸವನ್ನು ಅವರು ಮಾಡದಿದ್ದರೆ ಮಾಡುವವರಿಲ್ಲ. ಮಾವಿನ ತೋರಣವನ್ನು ತೆಗೆದುಕೊಳ್ಳಿ. ಎಲೆಯ ಮೇಲ್ಮೈ ನಯ, ಅಡಿಯಲ್ಲಿ ನಡುನರ ಎದ್ದು ನಿಲ್ಲುತ್ತದೆ. ತೊಟ್ಟು ಗಟ್ಟಿ, ತುದಿ ಚೂಪು. ಒಮ್ಮೆ ಇದನ್ನು ಬೆರಳಿಗೆ ಪರಿಚಯ ಮಾಡಿಕೊಟ್ಟರೆ ಎಲೆಯನ್ನು ಮಗುಚದೆ, ತುದಿಯನ್ನು ತಪ್ಪಾಗಿ ಮಡಿಸದೆ, ಎಲೆಯಿಂದ ಎಲೆಗೆ ಎರಡು ಬೆರಳಿನ ಅಂತರವಿಟ್ಟು ದಾರಕ್ಕೆ ಪೋಣಿಸುವುದು ಎಂಟು ವರ್ಷದ ಮಗುವಿಗೂ ಸಾಧ್ಯ. ಬೇವನ್ನು ಗುರುತಿಸುವುದು ಇನ್ನೂ ಸುಲಭ; ಸಣ್ಣ ಎಲೆಯ ಹಲ್ಲುಹಲ್ಲಾದ ಅಂಚು, ಒಂದು ಬದಿಗೆ ವಾಲಿದ ಅದರ ಬಾಗು, ಮುರಿದೊಡನೆ ಏಳುವ ಕಹಿವಾಸನೆ, ಇವುಗಳನ್ನು ಬೇರೊಂದೆಂದು ಭ್ರಮಿಸಲು ಸಾಧ್ಯವಿಲ್ಲ. ಎಸಳು ಬಿಡಿಸುವುದು, ಅಚ್ಚುಬೆಲ್ಲವನ್ನು ಕುಟ್ಟುವುದು, ಹೂರಣವನ್ನು ಸಮಗಾತ್ರದ ಉಂಡೆಗಳಾಗಿ ಕಟ್ಟಿ ಕಣಕದೊಳಗೆ ಮುಚ್ಚುವುದು, ಇವೆಲ್ಲ ಕೈಯ ಕೆಲಸಗಳು. ಕಣ್ಣಿದ್ದ ಗೃಹಿಣಿಯೂ ಇವುಗಳನ್ನು ಬೇರೆಲ್ಲೋ ನೋಡುತ್ತ, ಯಾರೊಡನೆಯೋ ಮಾತನಾಡುತ್ತ ಮಾಡುತ್ತಾಳೆಂಬುದನ್ನು ನಾವು ಮರೆಯುತ್ತೇವೆ. ಕಷ್ಟವಾದುದು ರಂಗೋಲಿ. ಪುಡಿಯ ಗೆರೆಯನ್ನು ಮುಟ್ಟಿ ನೋಡಿದರೆ ಗೆರೆಯೇ ಅಳಿಸುತ್ತದೆ. ಹಲಗೆಯ ಮೇಲೆ ದಾರವನ್ನು ಅಂಟಿಸಿ ಉಬ್ಬುಗೆರೆಯನ್ನು ಮಾಡಿ, ಅದರ ಒಳಗೆ ಪುಡಿಯನ್ನಾಗಲಿ ಹೂವಿನ ಎಸಳನ್ನಾಗಲಿ ತುಂಬಿಸುವ ಉಪಾಯವೊಂದುಂಟು. ಸ್ವಲ್ಪ ಕೃತಕವಾದರೂ ಬಾಗಿಲ ಮುಂದೆ ತನ್ನ ಕೈಯದೊಂದು ಗುರುತಿದೆಯೆಂಬ ತೃಪ್ತಿ ಕೃತಕವಲ್ಲ.

ಅಂಧಶಾಲೆಯೆಂದರೆ ಸಂಪೂರ್ಣ ಕತ್ತಲೆಯ ಮನೆಯೆಂದು ಭಾವಿಸುವವರು ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ, ಒಳ್ಳೆಯ ಕಣ್ಣಿನ ದೃಷ್ಟಿ ಕನ್ನಡಕ ಹಾಕಿದ ಮೇಲೂ 3/60ಕ್ಕಿಂತ ಕಡಿಮೆಯಿದ್ದರೆ ಅಥವಾ ದೃಷ್ಟಿಯ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅಂಥವರೂ ಅಂಧರೇ. ಆದುದರಿಂದ ಈ ಶಾಲೆಗಳ ಮಕ್ಕಳಲ್ಲಿ ಬೆಳಕಿನ ದಿಕ್ಕನ್ನು ಬಲ್ಲವರುಂಟು, ಕೆಂಪನ್ನೂ ಹಳದಿಯನ್ನೂ ಮೂಗಿನ ಬಳಿ ಹಿಡಿದು ಬೇರೆ ಮಾಡಬಲ್ಲವರುಂಟು. ಯುಗಾದಿಗೆ ಹದಿನೈದು ದಿನ ಮುಂಚೆ, ಫಾಲ್ಗುಣದ ಹುಣ್ಣಿಮೆಗೆ ಬರುವ ಕಾಮನ ಹಬ್ಬದಲ್ಲಿ ಈ ಸೂಕ್ಷ್ಮ ಮುಖ್ಯವಾಗುತ್ತದೆ. ಕಾಮನನ್ನು ಸುಡುವ ಬೆಂಕಿಯ ಸುತ್ತ ನಿಂತು ಅದರ ಕಾವನ್ನೂ ಕಟ್ಟಿಗೆ ಸಿಡಿಯುವ ಸದ್ದನ್ನೂ ಹುಡುಗರ ಬೊಬ್ಬೆಯನ್ನೂ ಅನುಭವಿಸಲು ಕಣ್ಣು ಬೇಕಿಲ್ಲ. ಮರುದಿನದ ಬಣ್ಣದಾಟದಲ್ಲಿ ಉಳಿದಷ್ಟೇ ದೃಷ್ಟಿಯ ಕಣ್ಣಿಗೆ, ಅದರಲ್ಲಿಯೂ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ, ಪುಡಿ ಬಿದ್ದರೆ ಆಗುವ ಹಾನಿ ಮಾತ್ರ ಸಣ್ಣದಲ್ಲ. ಅದಕ್ಕಿಂತಲೂ ಗಮನಿಸಬೇಕಾದುದು ಬೇರೆ. ಬಣ್ಣದಾಟದ ಸೊಗಸೆಲ್ಲ ಅನಿರೀಕ್ಷಿತವಾಗಿ ಎರಚುವುದರಲ್ಲಿದೆ. ಎರಚುವ ಕೈಯನ್ನು ಕ್ಷಣ ಮುಂಚೆಯಾದರೂ ಕಾಣುವವನಿಗೆ ಅದು ಆಟ, ಕಾಣದವನಿಗೆ ಅದು ಬರಿಯ ಹೊಡೆತ. ಮೊದಲು ಹೆಸರು ಹಿಡಿದು ಕೂಗಿ, ಅನಂತರ ಕೆನ್ನೆಗೆ ಬಣ್ಣ ಹಚ್ಚುವ ಸಂಪ್ರದಾಯವೊಂದನ್ನು ಬೆಳೆಸಿದರೆ ಆಟವೂ ಉಳಿಯುತ್ತದೆ, ಭಯವೂ ಅಳಿಯುತ್ತದೆ.

ಈ ಸೀಮೆಯ ಚೈತ್ರ ಕಿವಿ ಮೂಗುಗಳಿಗೆ ಬಡಿಸುವ ಊಟ ಬಹು ದೊಡ್ಡದು. ಕೋಲಾರದಂತೆ ಮಾವಿಗೆ ಹೆಸರಾದ ಜಿಲ್ಲೆ ಇದು. ಯುಗಾದಿಯ ಹೊತ್ತಿಗೆ ತೋಪುಗಳಲ್ಲಿ ಹೂವಿನ ಕಂಪು ಇಳಿದು ಕಾಯಿಯ ಸೊನೆಯ ವಾಸನೆ ಏಳುತ್ತಿರುತ್ತದೆ, ಹೊಂಗೆಯ ಮರದ ಕೆಳಗೆ ನಿಂತರೆ ತಲೆಯ ಮೇಲೆ ಜೇನಿನ ಝೇಂಕಾರ ಕವಿದುಕೊಳ್ಳುತ್ತದೆ. ರೇಷ್ಮೆ ಸಾಕುವ ಮನೆಯ ಮಗುವಿಗೆ ಇನ್ನೂ ಒಂದು ಸಂಗೀತವುಂಟು: ಜ್ವರವೆಂದು ಕರೆಯುವ ಪೊರೆ ಕಳಚುವಿಕೆಯನ್ನು ನಾಲ್ಕನೆಯ ಸಲ ಮುಗಿಸಿ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುವ ಸದ್ದು ಹೆಂಚಿನ ಮೇಲೆ ಬೀಳುವ ಜಿಟಿಮಳೆಯಂತೆ ರಾತ್ರಿಯಿಡೀ ಕೇಳುತ್ತದೆ, ಹುಳು ಹಣ್ಣಾಗಿ ಚಂದ್ರಿಕೆಯೆಂಬ ತಟ್ಟೆಗೆ ಏರಿದ ದಿನ ಆ ಸದ್ದು ನಿಲ್ಲುತ್ತದೆ, ನಿಂತದ್ದರಿಂದಲೇ ಗೂಡು ಕಟ್ಟುವ ಕಾಲ ಬಂತೆಂದು ತಿಳಿಯುತ್ತದೆ. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತನೂ ಗೂಡನ್ನು ಬೆರಳಿನಿಂದ ಅದುಮಿ ಅದರ ಬಿಗುವನ್ನು ಅಳೆಯುವವನೇ. ಮುಂದೆ ಮಾಗಡಿಯ ತಿರುಮಲೆಯ ರಂಗನಾಥನ ತೇರು. ತೇರಿಗೆ ಎಸೆಯುವ ಹಣ್ಣುಜವನದ ಆ ದವನವಂತೂ ಪರಿಮಳಕ್ಕಾಗಿಯೇ ಹುಟ್ಟಿದ ಗಿಡ. ತೇರು ನೋಡುವುದೆಂಬ ಮಾತು ರೂಢಿಯಲ್ಲಿದೆಯಾದರೂ ಹಗ್ಗ ಹಿಡಿದವನಿಗೆ ತೇರು ತಿಳಿಯುವುದು ತೋಳಿನಿಂದ: ಮೊದಲು ಹಗ್ಗ ಬಿಗಿಯುತ್ತದೆ, ಆಮೇಲೆ ಒಂದು ಗಳಿಗೆ ಏನೂ ಆಗುವುದಿಲ್ಲ, ಆಮೇಲೆ ಗಾಲಿಯ ಗಡಗಡವು ನೆಲದಿಂದ ಅಂಗಾಲಿಗೆ ಬರುತ್ತದೆ. ಕಣ್ಣಿಲ್ಲದ ಹುಡುಗನಿಗೆ ಹಗ್ಗವನ್ನು ಕೊಡಿ; ಮಾಳಿಗೆಯ ಮೇಲೆ ಕೂರಿಸಿ ತೇರಿನ ವರ್ಣನೆಯನ್ನು ಹೇಳುತ್ತ ಕುಳಿತುಕೊಳ್ಳಬೇಡಿ.

ಇನ್ನುಳಿದುದು ಚಂದ್ರ. ಯುಗಾದಿಯ ಮರುಸಂಜೆ ಪಶ್ಚಿಮದಲ್ಲಿ ಕ್ಷಣಕಾಲ ತೋರಿ ಮುಳುಗುವ ಬಿದಿಗೆಯ ರೇಖೆಯನ್ನು ಕಂಡು ಕೈಮುಗಿದು, ಹಿರಿಯರ ಕಾಲಿಗೆರಗಿ ಆಶೀರ್ವಾದ ಪಡೆಯುವುದು ಈ ಕಡೆಯ ಪದ್ಧತಿ; ಚಂದ್ರನ ಎರಡು ಕೋಡುಗಳಲ್ಲಿ ಯಾವುದು ಮೇಲಿದೆಯೆಂಬುದರಿಂದ ಮಳೆಬೆಳೆಯನ್ನು ಊಹಿಸುವ ಹಿರಿಯರೂ ಇದ್ದಾರೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಪ್ರದೇಶದಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಸಂಜೆ ಸೂರ್ಯಚಂದ್ರರ ಮಾರ್ಗವಾದ ಕ್ರಾಂತಿವೃತ್ತವು ದಿಗಂತಕ್ಕೆ ಹೆಚ್ಚುಕಡಿಮೆ ಲಂಬವಾಗಿ ನಿಲ್ಲುವುದರಿಂದ, ಮುಳುಗಿದ ಸೂರ್ಯನು ಚಂದ್ರನ ನೇರ ಕೆಳಗಿದ್ದು, ರೇಖೆಯು ಅಂಗಾತ ಮಲಗಿ ಎರಡು ಕೋಡುಗಳೂ ಮೇಲ್ಮುಖವಾಗಿ ಕಾಣುತ್ತವೆ. ಯಾವುದು ಎತ್ತರವೆಂಬ ಜಿಜ್ಞಾಸೆಗೆ ಎಡೆಯಾಗುವುದು ಈ ಸಮತೆಯಿಂದಲೇ. ಹುಟ್ಟಿನಿಂದ ಬೆಳಕನ್ನರಿಯದ ಮಗುವಿಗೆ ಇದನ್ನು ತಿಳಿಸುವುದು ಹೇಗೆ? ರಾಮನಗರದಲ್ಲಿ ಕಲ್ಲಿಗೆ ಬರವಿಲ್ಲ. ಬೆಳಗಿನ ಎಳೆಬಿಸಿಲಿಗೆ ಮೈಯೊಡ್ಡಿದ ದುಂಡು ಬಂಡೆಯೊಂದರ ಪಶ್ಚಿಮದ ಪಾರ್ಶ್ವದಲ್ಲಿ ಮಗುವನ್ನು ನಿಲ್ಲಿಸಿ. ಎದುರಿನ ಕಲ್ಲು ತಣ್ಣಗಿರುತ್ತದೆ. ಕೈಯನ್ನು ಬಂಡೆಯ ಮಗ್ಗುಲಿಗೆ ಚಾಚುತ್ತ ಹೋದರೆ ಒಂದೆಡೆ ತಂಪು ಮುಗಿದು ಬಿಸುಪಿನ ಅಂಚು ಬೆರಳಿಗೆ ಸಿಗುತ್ತದೆ. ಆಚೆಯ ಅರ್ಧ ಪೂರ್ತಿ ಬಿಸಿಯಾಗಿದೆ, ಆದರೆ ಈಚೆ ನಿಂತವನಿಗೆ ಎಟುಕುವುದು ಅದರ ಅಂಚೊಂದೇ. ಬಿದಿಗೆಯ ಚಂದ್ರನೆಂದರೆ ಆ ಅಂಚು. ಬಂಡೆಯ ಸುತ್ತ ದಿನಕ್ಕೊಂದು ಹೆಜ್ಜೆ ಸರಿದಂತೆ ಬಿಸಿಯ ಪಾಲು ಹೆಚ್ಚುತ್ತ ಹೋಗಿ, ಪೂರ್ವಕ್ಕೆ ಬಂದು ನಿಂತಾಗ ಹುಣ್ಣಿಮೆಯಾಗುತ್ತದೆ. ಪಠ್ಯಪುಸ್ತಕದ ಚಿತ್ರವನ್ನು ನೋಡಿ ಚಂದ್ರಕಲೆಯನ್ನು ಬಾಯಿಪಾಠ ಮಾಡಿದ ಕಣ್ಣುಳ್ಳ ಮಕ್ಕಳಿಗಿಂತ ಈ ಮಗು ಅದನ್ನು ಗಟ್ಟಿಯಾಗಿ ತಿಳಿದಿರುತ್ತದೆಂದು ನಾನು ಬಲವಾಗಿ ನಂಬುತ್ತೇನೆ.

ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದಾದುದರಿಂದ ಯುಗಾದಿ ವರ್ಷವರ್ಷವೂ ಹಿಂದೆ ಸರಿದು, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2025ರಲ್ಲಿ ಅದು ಮಾರ್ಚ್ 30ರಂದು ಬಂದಿತು, 2026ರಲ್ಲಿ ಮಾರ್ಚ್ 19ರ ಪಾಲಾಯಿತು, 2027ರಲ್ಲಿ ಏಪ್ರಿಲ್ 7ಕ್ಕೆ ಬೀಳುತ್ತದೆ. ಮಾರ್ಚಿನಲ್ಲಿ ಬಂದ ವರ್ಷ ಪರೀಕ್ಷೆಯ ಗಡಿಬಿಡಿ. ದೃಷ್ಟಿಹೀನ ವಿದ್ಯಾರ್ಥಿ ತಾನು ಹೇಳಿದ್ದನ್ನು ಬರೆಯುವ ಲಿಪಿಕಾರನನ್ನು ಗೊತ್ತುಮಾಡಿಕೊಂಡು, ಕೇಂದ್ರ ಮಾರ್ಗಸೂಚಿ ಕೊಟ್ಟಿರುವ ಗಂಟೆಗೆ 20 ನಿಮಿಷದ ಹೆಚ್ಚಿನ ಅವಧಿಗೆ ಅವನೊಡನೆ ಒಗ್ಗಿಕೊಳ್ಳಬೇಕಾದ ದಿನಗಳವು. ಹಾಗಾಗಿ ಮೇಲಿನ ತರಗತಿಯ ಮಕ್ಕಳು ಆ ವರ್ಷ ಹಬ್ಬಕ್ಕೆ ಊರಿಗೆ ಹೋಗದೆ ವಸತಿಗೃಹದಲ್ಲಿಯೇ ಉಳಿಯುವುದು ಸಹಜ. ಬೇವುಬೆಲ್ಲ, ಎಣ್ಣೆನೀರು, ಪಂಚಾಂಗ, ಒಬ್ಬಟ್ಟು, ಎಲ್ಲವೂ ಅಲ್ಲಿ ದೊರೆಯುತ್ತವೆ. ದೊರೆಯದಿರುವುದು ಮರುದಿನದ ಹೊಸತೊಡಕು. ನಮ್ಮ ಹಳ್ಳಿಗಳಲ್ಲಿ ವರ್ಷವಿಡೀ ಚೀಟಿಯ ಹಣ ಕಟ್ಟಿ, ಅಂದು ಬೆಳಗಿನ ಜಾವ ಗುಡ್ಡೆಬಾಡನ್ನು ಪಾಲು ಹಾಕಿಕೊಂಡು, ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಮಸಾಲೆಯ ಘಮದಿಂದ ತುಂಬುವಂತೆ ಮಾಡುವ ಆ ಉತ್ಸವವನ್ನು ಸಸ್ಯಾಹಾರದ ಅಡುಗೆಮನೆಯುಳ್ಳ ಸಂಸ್ಥೆಯೊಂದು ಹೇಗೆ ತಾನೆ ನಡೆಸೀತು! ಕನಕಪುರದ ಕಡೆಯ ಹುಡುಗನೊಬ್ಬ ಆ ಮಧ್ಯಾಹ್ನ ಅನ್ನಸಾರಿನ ತಟ್ಟೆಯ ಮುಂದೆ ಮುಖ ಗಂಟಿಕ್ಕಿ ಕುಳಿತರೆ ಅದಕ್ಕೆ ಬ್ರೈಲಿನಲ್ಲಾಗಲಿ ಬೋಧನಶಾಸ್ತ್ರದಲ್ಲಾಗಲಿ ಪರಿಹಾರವಿಲ್ಲ. ಊರಿನಿಂದ ಮಾವನೋ ಅಣ್ಣನೋ ಮುಚ್ಚಳ ಬಿಗಿದ ಡಬ್ಬಿಯೊಂದನ್ನು ಹಿಡಿದು ಸಂಜೆಯ ಬಸ್ಸಿಗೆ ಬರಬೇಕು.